ಹಾಲಿ, ಕಲದಾರ, ನಯಾಪೈಸೆ: ಒಂದು ಸೀಮೆಯ ಮಕ್ಕಳು ಕಲಿತ ಲೆಕ್ಕ

ಆರು ಕಲದಾರಕ್ಕೆ ಏಳು ಹಾಲಿ. ನಿಜಾಮರ ಆಳ್ವಿಕೆಯ ಲಿಂಗಸುಗೂರಿನಲ್ಲಿ ಸಂತೆಗೆ ಹೋಗುವವರಿಗೆ ಈ ಒಂದು ಲೆಕ್ಕ ಗೊತ್ತಿರಬೇಕಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಅದು ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿಯನ್ನು ಜನ ಕಲದಾರ ಎಂದು ಕರೆಯುತ್ತಿದ್ದರು. ಲಿಂಗಸುಗೂರು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ದೋಆಬ್ ಸೀಮೆಯಲ್ಲಿದೆ. ಕೃಷ್ಣೆ ದಾಟಿದರೆ ಮುಂಬಯಿ ಪ್ರಾಂತದ ವಿಜಾಪುರ, ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತದ ಬಳ್ಳಾರಿ. ಎರಡೂ ಕಡೆ ನಡೆಯುತ್ತಿದ್ದುದು ಕಲದಾರ.

ರೈತನೊಬ್ಬ ಹೊಳೆಯಾಚೆ ಎತ್ತು ಮಾರಿ 42 ಕಲದಾರ ತಂದನೆಂದಿಟ್ಟುಕೊಳ್ಳಿ. ಊರಿನ ಲೆಕ್ಕದಲ್ಲಿ ಅದು 49 ಹಾಲಿ ರೂಪಾಯಿ. ಸಾವುಕಾರ ಅದನ್ನು ರೂಪಾಯಿಗೆ ರೂಪಾಯಿ ಎಂದು ಎಣಿಸಿ ಬಾಕಿಗೆ ಜಮಾ ಮಾಡಿಕೊಂಡರೆ ಏಳು ರೂಪಾಯಿ ಹೋದಂತೆ. ಹೋಯಿತೆಂಬುದು ತಿಳಿಯಬೇಕಾದರೂ ಲೆಕ್ಕ ಬರಬೇಕು. ಮಕ್ಕಳಿಗೆ ಹಣದ ತಿಳಿವಳಿಕೆ ಕೊಡಬೇಕು ಎಂದಾಗ ನಾವು ಇಂದು ಹುಂಡಿಯ ಡಬ್ಬಿಯನ್ನೂ ಉಳಿತಾಯ ಖಾತೆಯನ್ನೂ ನೆನೆಯುತ್ತೇವೆ. ಈ ಸೀಮೆಯ ಚರಿತ್ರೆ ನೋಡಿದರೆ ಮೊದಲು ಬೇಕಾಗಿದ್ದ ಪಾಠ ಬೇರೆಯದು. ಅದು ಎದುರಿನವರು ಹೇಳಿದ ಲೆಕ್ಕವನ್ನು ತಾನೂ ಮಾಡಿ ನೋಡುವ ಪಾಠ.

ಆ ಪಾಠ ಇರಲಿಲ್ಲವೆಂದಲ್ಲ. ಹೊಳೆಯಾಚೆಯ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ ಊರಶಾಲೆಗಳ ಬಗ್ಗೆ ವರದಿ ಬರೆದ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ಮಗ್ಗಿಯನ್ನು ಎಲ್ಲರೂ ಕೂಡಿ ಕೂಗಿ ಬಾಯಿಪಾಠ ಮಾಡುವುದು ಆ ಶಾಲೆಗಳ ಪದ್ಧತಿ. ಮಗ್ಗಿಯೆಂದರೆ ಎರಡೊಂದ್ಲೆ ಎರಡು ಮಾತ್ರವಲ್ಲ, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಇದ್ದವು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲದಲ್ಲಿ ಮುಕ್ಕಾಲು ಸೇರಿನ ಬೆಲೆ ಹೇಳಲು ಈ ಮಗ್ಗಿಗಳೇ ಆಧಾರ. ಅಂಗಡಿಕಾರನ ಮಗ, ಶಾನುಭೋಗನ ಮಗ ಅದನ್ನು ಕಲಿತು ಅಪ್ಪನ ಕಡತದ ಮುಂದೆ ಕೂರುತ್ತಿದ್ದ.

ಉಳಿದ ಮಕ್ಕಳ ಪಾಡೇನು? ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆಯಲ್ಲಿ ಕ್ಯಾಂಪ್‌ಬೆಲ್ ಎಣಿಸಿದ್ದು 533 ಶಾಲೆ, 6,641 ಮಕ್ಕಳು. ಅವರಲ್ಲಿ ಹೆಣ್ಣುಮಕ್ಕಳು 60. ಬಡತನವೇ ಇದಕ್ಕೆ ಮುಖ್ಯ ಕಾರಣವೆಂದು ಅವನು ಬರೆದ. ಎಳೆಯ ಕೈಕಾಲಿಗೆ ಒಂದಿಷ್ಟು ಕಸುವು ಬಂದ ಕೂಡಲೇ ಮಕ್ಕಳ ದುಡಿಮೆ ಮನೆಗೆ ಬೇಕಾಗುತ್ತಿತ್ತು. ಕಲಿಸುವ ಲೆಕ್ಕ ಊರಲ್ಲಿತ್ತು, ಆದರೆ ಅದು ಬಾಕಿ ಬರೆಯುವವರ ಮನೆಯಲ್ಲಿ ಉಳಿಯಿತು. ಬಾಕಿ ತೀರಿಸುವವರ ಮನೆಗೆ ಬರಲಿಲ್ಲ.

ಅಷ್ಟೇ ಅಲ್ಲ, ಎಷ್ಟೋ ಮಕ್ಕಳು ಹಣವನ್ನು ಎಣಿಸಲು ಕಲಿಯುವ ಮೊದಲೇ ಹಣಕ್ಕೆ ಒತ್ತೆಯಾದರು. ಅಪ್ಪನ ಸಾಲಕ್ಕೆ ಮಗ ದನ ಕಾಯಲು ನಿಲ್ಲುವುದು ಜೀತ. ಹೈದರಾಬಾದ್ ಸೀಮೆಯಲ್ಲಿ ಇದರದೇ ಇನ್ನೊಂದು ಹೆಸರು ಭಗೇಲ. ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ತಡೆಯಲು ಬ್ರಿಟಿಷ್ ಭಾರತದಲ್ಲಿ 1933ರಲ್ಲೇ ಕಾಯ್ದೆ ಬಂತು. 1976ರ ಜೀತಪದ್ಧತಿ ರದ್ದತಿ ಕಾಯ್ದೆ ದೇಶದ ಬೇರೆಬೇರೆ ಕಡೆ ಇದಕ್ಕಿರುವ ಹೆಸರುಗಳನ್ನು ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಭಗೇಲವೂ ಇದೆ, ಜೀತವೂ ಇದೆ. ಸಂಸ್ಥಾನದಲ್ಲಿ ಕಚೇರಿಯ ಭಾಷೆ ಉರ್ದು, ಕಾಗದದ ಮೇಲಿನ ವರ್ಷ ಫಸಲಿ. 1350 ಎಂದು ಬರೆದಿದ್ದರೆ ಅದು 1940-41. ಕನ್ನಡವನ್ನೂ ಓದಲಾರದ ಸಾಲಗಾರ ಅದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ಆಳ್ವಿಕೆ ಮುಗಿಯಿತು. ಮುಂದೆಯೂ ಕೆಲವು ವರ್ಷ ಹಾಲಿ ಸಿಕ್ಕಾ ಕೈಯಿಂದ ಕೈಗೆ ಓಡಾಡಿ ಆಮೇಲೆ ಮರೆಯಾಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿತು. ಐದು ತಿಂಗಳಲ್ಲಿ, 1957ರ ಏಪ್ರಿಲ್ 1ಕ್ಕೆ, ನಯಾಪೈಸೆ ಬಂತು. ರೂಪಾಯಿಗೆ 64 ಪೈಸೆ ಇದ್ದದ್ದು 100 ಆಯಿತು. ಆಗ ಶಾಲೆಯಲ್ಲಿದ್ದ ಮಗು ಹತ್ತು ವರ್ಷದೊಳಗೆ ಮೂರು ಬಗೆಯ ಲೆಕ್ಕ ಕಂಡಿತು. ಒಂದು ಆಣೆಗೆ ನಿಜವಾಗಿ ಆರೂಕಾಲು ನಯಾಪೈಸೆ, ಆದರೆ ಬಿಡಿಯಾಗಿ ಕೊಟ್ಟರೆ ಆರು ಎಂದು ನಿಗದಿ. ಎರಡು ಆಣೆಗೆ 12, ಮೂರಕ್ಕೆ 19, ನಾಲ್ಕಕ್ಕೆ 25. ಹದಿನಾರು ಸಲ ಒಂದೊಂದಾಣೆ ಕೊಟ್ಟು ಆರಾರು ಪೈಸೆ ಪಡೆದರೆ ಕೈಗೆ ಬರುವುದು 96. ಉಳಿದ ನಾಲ್ಕು ಪೈಸೆ ಎಲ್ಲಿ ಹೋಯಿತು ಎಂದು ಕೇಳುವ ಹುಡುಗನಿಗೆ ಹಣದ ಪಾಠ ಅರ್ಧ ಬಂದಿದೆ ಎಂದೇ ಅರ್ಥ.

ನಂತರದ ಸರ್ಕಾರಿ ಪಾಠ ಉಳಿತಾಯದ್ದು. ಶಾಲೆಯೊಳಗೆ ಮಕ್ಕಳೇ ನಡೆಸುವ ಬ್ಯಾಂಕಾಗಿ ಸಂಚಯಿಕಾ ಬಂತು. ಈಗ ಹತ್ತು ವರ್ಷ ತುಂಬಿದ ಮಗು ತಾನೇ ಉಳಿತಾಯ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ಸಂತೆಯಂತೂ ನೋಡಲು ಚೆಂದ. ಮೆಂತ್ಯೆ, ಮಿರ್ಚಿ, ಮಂಡಾಳು ಹರವಿಕೊಂಡು ಕೂತ ಮಕ್ಕಳು ಚಿಲ್ಲರೆ ಎಣಿಸಿ ಕೊಡುತ್ತಾರೆ. ಇವೆಲ್ಲ ಒಳ್ಳೆಯವೇ.

ಆದರೆ ಬೇಸಗೆಯಲ್ಲಿ ಗುಳೆ ಹೋಗುವ ಮನೆಯ ಮಗುವಿಗೆ ಉಳಿತಾಯಕ್ಕಿಂತ ಮೊದಲು ಎದುರಾಗುವುದು ಮುಂಗಡ. ಮೇಸ್ತ್ರಿ ಕೊಟ್ಟದ್ದೆಷ್ಟು, ವಾರಕ್ಕೆ ಮುರಿದುಕೊಂಡದ್ದೆಷ್ಟು, ಉಳಿದದ್ದೆಷ್ಟು ಎಂಬುದು ಮನೆಯವರಿಗೇ ಗೊತ್ತಿರುವುದಿಲ್ಲ. ಕಿರುಸಾಲದ ಕಂತು ಕಟ್ಟುವವರಲ್ಲಿ ಹೆಚ್ಚಿನವರು ಹೆಂಗಸರು. ಊರಶಾಲೆಯ 6,641ರಲ್ಲಿ ಬರೀ 60 ಇದ್ದವರ ಪಾಲಿಗೆ ಇಂದು ಸಾಲದ ಸಹಿ ಬಂದಿದೆ. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಮನೆ ಬಾಗಿಲಲ್ಲಿ ನಿಂತು ಕೂಗುವವರನ್ನು ತಡೆಯಬಹುದು. ಕಾಗದದಲ್ಲಿ ಏನಿದೆ ಎಂದು ಓದಿ ಹೇಳಲು ಮನೆಯೊಳಗೆ ಒಬ್ಬರು ಬೇಕು, ಅನೇಕ ಮನೆಗಳಲ್ಲಿ ಓದುಬಲ್ಲ ಆ ಒಬ್ಬರು ಎಂಟನೆಯ ಇಯತ್ತೆಯ ಹುಡುಗಿ.

ಅವಳಿಗೆ ಶಾಲೆಯಲ್ಲಿ ಸರಳಬಡ್ಡಿಯ ಸೂತ್ರ ಹೇಳಿಕೊಟ್ಟಿರುತ್ತಾರೆ. ಊರಲ್ಲಿ ಬಡ್ಡಿಯನ್ನು ‘ನೂರಕ್ಕೆ ಮೂರು’ ಎನ್ನುತ್ತಾರೆ. ಅದು ತಿಂಗಳಿಗೆ, ಅಂದರೆ ವರ್ಷಕ್ಕೆ 36. ಹತ್ತು ಸಾವಿರಕ್ಕೆ ವರ್ಷದ ಬಡ್ಡಿಯೇ 3,600. ಪುಸ್ತಕದ ಸೂತ್ರ ಮತ್ತು ಊರ ಮಾತು ಎರಡೂ ಒಂದೇ ಲೆಕ್ಕ ಎಂದು ಅವಳಿಗೆ ಯಾರಾದರೂ ತೋರಿಸಬೇಕು. ಮುಂದಿನ ಮಕ್ಕಳ ಸಂತೆಯಲ್ಲಿ ಕಾಯಿಪಲ್ಲೆಯ ಪಕ್ಕ ಒಂದು ಸಾಲದ ಅಂಗಡಿಯನ್ನೂ ಇಡಲಿ. ಒಬ್ಬ ಸಾಲ ಕೊಡಲಿ, ಇನ್ನೊಬ್ಬಳು ಕಾಗದ ಓದಿ, ಬಡ್ಡಿ ಕೂಡಿಸಿ, ತಪ್ಪಿದ್ದರೆ ತಪ್ಪೆಂದು ಹೇಳಿ, ಕಟ್ಟಿದ ಪ್ರತಿ ಕಂತಿಗೂ ರಸೀದಿ ಕೇಳಿ ಪಡೆಯಲಿ.