ಇಂಧನ ಕೋಶ ಮತ್ತು ಶೀತಕದ ಮಾಲಿನ್ಯ: ಪ್ರಶ್ನೆಯ ಪೂರ್ವೇತಿಹಾಸ

ಇಂಧನ ಕೋಶದ ಚರಿತ್ರೆಯನ್ನು 1839ರಲ್ಲಿ ವಿಲಿಯಂ ಗ್ರೋವನು ನಡೆಸಿದ ಪ್ರಯೋಗದಿಂದ ಆರಂಭಿಸುವುದು ವಾಡಿಕೆ. ಆದರೆ ಅದಕ್ಕೆ ತಗಲುವ ಮಾಲಿನ್ಯದ ಚರಿತ್ರೆ ಇನ್ನೂ ಕೊಂಚ ಹಿಂದಿನದು. ಶೀತಕದ್ರವವು ಒಳಗೆ ಸೋರಿ ಕೋಶದ ಶಕ್ತಿ ಕುಂದಿದರೆ ಅದು ಚೇತರಿಸಿಕೊಳ್ಳಬಲ್ಲುದೇ ಎಂಬ ಇಂದಿನ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ಮೈಕೇಲ್ ಫ್ಯಾರಡೆಯ ಬರಹದಲ್ಲಿದೆ.

ಪ್ಲಾಟಿನಂ ತಗಡಿನ ಸನ್ನಿಧಿಯಲ್ಲಿ ಜಲಜನಕವೂ ಆಮ್ಲಜನಕವೂ ಸಾಮಾನ್ಯ ಉಷ್ಣತೆಯಲ್ಲಿಯೇ ಕೂಡಿ ನೀರಾಗುವುದನ್ನು ಕುರಿತ ತನ್ನ ಸಂಶೋಧನೆಯನ್ನು ಫ್ಯಾರಡೆಯು 1834ರಲ್ಲಿ ಪ್ರಕಟಿಸಿದನು. ತಗಡಿನ ಮೈ ನಿರ್ಮಲವಾಗಿದ್ದರೆ ಮಾತ್ರ ಅದಕ್ಕೆ ಈ ಗುಣ. ಸಾರ ತಗ್ಗಿಸಿದ ಗಂಧಕಾಮ್ಲದಲ್ಲಿ ಅದನ್ನು ಧನಧ್ರುವವನ್ನಾಗಿ ಮಾಡಿ ವಿದ್ಯುತ್ತನ್ನು ಹರಿಸಿದರೆ ಆ ಗುಣ ಪ್ರಬಲವಾಗಿ ಪ್ರಕಟವಾಗುತ್ತಿತ್ತು. ಅನಿಲಗಳಿಗೆ ಕಾರ್ಬನ್ ಮಾನಾಕ್ಸೈಡನ್ನೋ ಎಥಿಲೀನನ್ನೋ ಬೆರೆಸಿದರೆ ಕ್ರಿಯೆಗೆ ತಡೆಯುಂಟಾಗುವುದನ್ನೂ ಆತ ಕಂಡನು. ತಡೆಯೇ ಬೇರೆ, ನಾಶವೇ ಬೇರೆ ಎಂಬ ಈ ವಿವೇಕಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನ್ನ ಅಭಿಪ್ರಾಯ.

ಗ್ರೋವನ ಪುಟ್ಟ ಕೋಶಗಳಿಗೆ ಶೀತಕವೇ ಬೇಕಿರಲಿಲ್ಲ. ಹೆಚ್ಚಿನ ಶಕ್ತಿಯನ್ನು ಪಡೆಯತೊಡಗಿದಾಗ ಶಾಖವನ್ನು ಹೊರಗೊಯ್ಯುವ ಅಗತ್ಯ ಬಿತ್ತು. ಅಪೊಲೋ ನೌಕೆಯ ಕೋಶಗಳಲ್ಲಿ ನೀರು ಬೆರೆಸಿದ ಎಥಿಲೀನ್ ಗ್ಲೈಕಾಲ್ ಈ ಕೆಲಸ ಮಾಡಿತು. ಅವುಗಳ ಧ್ರುವಗಳು ನಿಕ್ಕಲಿನವಾದ್ದರಿಂದ ಪ್ಲಾಟಿನಮ್ಮಿನ ಪ್ರಶ್ನೆ ಅಲ್ಲಿ ಏಳಲಿಲ್ಲ. 1955ರಲ್ಲಿ ಥಾಮಸ್ ಗ್ರಬ್ಬನು ಅಯಾನು-ವಿನಿಮಯ ಪೊರೆಯನ್ನು ಬಳಸಿದ ಮೇಲೆ ಬೆಳೆದು, ಇಂದು ಮೋಟಾರು ವಾಹನಗಳನ್ನು ಸೇರಿರುವ ಕೋಶದ ಸ್ಥಿತಿ ಹಾಗಲ್ಲ. ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಡೆಯುತ್ತದೆ. ಇಂಧನದ ಶಕ್ತಿಯಲ್ಲಿ ಹೆಚ್ಚುಕಡಮೆ ಅರ್ಧ ಶಾಖವಾಗುತ್ತದೆ. ಶೀತಕದ ನಾಳಕ್ಕೂ ಅನಿಲದ ನಾಳಕ್ಕೂ ನಡುವೆ ಇರುವುದು ತೆಳುವಾದ ಫಲಕ, ಅಂಚಿನಲ್ಲಿ ಒಂದು ಬಿಗಿಪಟ್ಟಿ. ಅದು ಸಡಿಲವಾದರೆ ಗ್ಲೈಕಾಲ್ ಪ್ಲಾಟಿನಮ್ಮನ್ನು ತಲುಪುತ್ತದೆ.

ಆಗ ಆಗುವುದೇನು? ಗ್ಲೈಕಾಲಿನ ಅಣುಗಳು ಲೋಹದ ಮೈಗೆ ಅಂಟಿ, ಅರ್ಧಂಬರ್ಧ ಉತ್ಕರ್ಷಣಗೊಂಡು, ಕಾರ್ಬನ್ ಮಾನಾಕ್ಸೈಡಿನಂತಹ ಶೇಷವನ್ನು ಬಿಡುತ್ತವೆ. ಅನಿಲಕ್ಕೆ ಸ್ಥಳವಿಲ್ಲದೆ ವೋಲ್ಟೇಜು ಇಳಿಯುತ್ತದೆ. ಆದರೆ ಲೋಹವು ಕೆಟ್ಟಿರುವುದಿಲ್ಲ, ಮುಚ್ಚಿರುತ್ತದೆ. ಸೋರಿಕೆಯನ್ನು ನಿಲ್ಲಿಸಿ ಶುದ್ಧ ಜಲದಿಂದ ತೊಳೆದರೆ ಗ್ಲೈಕಾಲಿನ ಬಹುಭಾಗ ಹೊರಡುತ್ತದೆ. ಧ್ರುವದ ವಿಭವವನ್ನು ಏರಿಸಿದರೆ ಉಳಿದ ಶೇಷವೂ ಉತ್ಕರ್ಷಣಗೊಂಡು ಕಳೆಯುತ್ತದೆ. ಇದು, ಉಪಕರಣಗಳ ವ್ಯತ್ಯಾಸವನ್ನು ಬದಿಗಿಟ್ಟರೆ, ಫ್ಯಾರಡೆಯು ತನ್ನ ತಗಡಿಗೆ ಮಾಡಿದ ಉಪಚಾರವೇ.

ಶೀತಕದೊಡನೆ ಬರುವ ಲೋಹದ ಅಯಾನುಗಳ ವಿಷಯ ಅಷ್ಟು ಸುಲಭವಲ್ಲ. ಅವು ಪೊರೆಯೊಳಗೆ ಪ್ರೋಟಾನುಗಳ ಸ್ಥಾನವನ್ನು ಆಕ್ರಮಿಸುತ್ತವೆ. ಬರಿಯ ನೀರಿನಿಂದ ತೊಳೆದರೆ ಹೊರಡುವುದಿಲ್ಲ, ಆಮ್ಲ ಬೇಕು. ಓಡುವ ವಾಹನದ ಕೋಶಕ್ಕೆ ಆಮ್ಲಸ್ನಾನ ಮಾಡಿಸುವವರಾರು? ತುಕ್ಕುನಿರೋಧಕ ಲವಣಗಳುಳ್ಳ ಸಾಧಾರಣ ಮೋಟಾರು ಶೀತಕವನ್ನು ಇಲ್ಲಿ ಬಳಸದಿರುವುದಕ್ಕೆ ಇದೊಂದು ಕಾರಣ. ಅದರ ಮೂಲಕ ವಿದ್ಯುತ್ತು ಹರಿದುಹೋಗುವುದೆಂಬುದು ಇನ್ನೊಂದು. ಅಯಾನುಗಳನ್ನು ಹಿಡಿದಿಡುವ ರಾಳದ ಶೋಧಕವನ್ನು ಶೀತಕದ ಹಾದಿಯಲ್ಲಿಯೇ ಇರಿಸಿರುತ್ತಾರೆ.