ಮಳೆಗಾಲ ಕಳೆದ ಮೇಲೆ ಪ್ರಮಾಣಪತ್ರ: ಶಿಕಾರಿಪುರ–ಸೊರಬದಲ್ಲಿ ಕಿರು ಸೌರ ಘಟಕ ಕೂರಿಸುವವರ ಮಿಶ್ರ ತರಬೇತಿ

1. ಪೀಠಿಕೆ

ಫೆಬ್ರವರಿ 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳ ಚಾವಣಿಗೆ ಸೌರ ವಿದ್ಯುತ್ ತರುವುದು. ಮನೆಯ 3 ಕಿಲೋವಾಟ್ ಘಟಕಕ್ಕೆ ಕೇಂದ್ರದ ಸಹಾಯಧನ 78,000 ರೂಪಾಯಿ. ಹೊಲ–ತೋಟಗಳಿಗೆ ಪಿ.ಎಂ. ಕುಸುಮ್ ಯೋಜನೆಯ ಸೌರ ಪಂಪ್‌ಸೆಟ್‌ಗಳಿವೆ. ಹಣದ ಲೆಕ್ಕ ಸ್ಪಷ್ಟವಾಗಿದೆ. ಆದರೆ ಇವನ್ನು ಕೂರಿಸಿ, ಕೆಟ್ಟಾಗ ಬಂದು ನೋಡುವವರು ಯಾರು, ಅವರು ಹೇಗೆ ಕಲಿಯಬೇಕು ಎಂಬ ಪ್ರಶ್ನೆಗೆ ಅಷ್ಟೇ ಗಮನ ಬೇಕು. ಮೊಬೈಲಿನ ಪಾಠ, ಕೈಕೆಲಸದ ಅಭ್ಯಾಸ, ತಾನೇ ಕೂರಿಸಿದ ಘಟಕವನ್ನು ಒಂದು ಮಳೆಗಾಲ ನೋಡಿಕೊಳ್ಳುವ ಹೊಣೆ: ಈ ಮೂರೂ ಸೇರಿದಾಗಲೇ ತರಬೇತಿ ಪೂರ್ಣ ಎಂಬುದು ಈ ಲೇಖನದ ವಾದ.

2. ಕೆಲಸಗಾರ ಮತ್ತು ಋತು

ಸೌರ ಘಟಕ ಕೂರಿಸುವವರಿಗೆಂದು 2015ರಲ್ಲಿ ಆರಂಭವಾದ ಸೂರ್ಯಮಿತ್ರ ತರಬೇತಿ 600 ಗಂಟೆಗಳದಾಗಿತ್ತು. ಮೂರು ತಿಂಗಳು ವಸತಿ ಸಹಿತ ನಡೆಯುವಂತೆ ಅದನ್ನು ರೂಪಿಸಲಾಗಿತ್ತು. ಆಗಷ್ಟೇ ಐಟಿಐ ಮುಗಿಸಿದ ಯುವಕರಿಗೆ ಈ ಕ್ರಮ ಹೊಂದುತ್ತದೆ. ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಅಂಗಡಿ ಇಟ್ಟುಕೊಂಡ ವೈರ್‌ಮನ್ನಿಗೆ, ಮೋಟಾರ್ ರಿವೈಂಡಿಂಗ್ ಮಾಡುವವರಿಗೆ ಹೊಂದುವುದಿಲ್ಲ. ಅಡಿಕೆ ತೋಟಕ್ಕೆ ನೀರು ಹಾಯಿಸುವ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ರೈತ ಒಂದು ದಿನವೂ ಕಾಯಲಾರ. ಆ ಹೊತ್ತಿಗೆ ಅಂಗಡಿ ಮುಚ್ಚಿ ಊರು ಬಿಟ್ಟವನ ಗಿರಾಕಿಗಳು ಬೇರೆಯವರ ಪಾಲಾಗುತ್ತಾರೆ. ಆದ್ದರಿಂದ ಓದು–ಲೆಕ್ಕದ ಭಾಗ ಸಂಜೆಯ ಮೊಬೈಲಿಗೆ ಹೋಗಬೇಕು, ಅದೂ ಕನ್ನಡದ ಧ್ವನಿಯಲ್ಲಿ. ಪ್ಯಾನೆಲ್ ಹಿಂಬದಿಯ ಪಟ್ಟಿ ಓದುವುದು, ಸರಣಿ–ಸಮಾಂತರ ಜೋಡಣೆಯ ಲೆಕ್ಕ, ಮೆಸ್ಕಾಂಗೆ ಅರ್ಜಿ, ನೆಟ್ ಮೀಟರಿನ ಕ್ರಮ ಇವನ್ನೆಲ್ಲ ಹೀಗೆ ಕಲಿಯಬಹುದು.

3. ಪರದೆಗೆ ದಕ್ಕದ ಕೆಲಸ

540 ವಾಟ್‌ನ ಆರು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಬಿಸಿಲಿನಲ್ಲಿ ಸುಮಾರು 300 ವೋಲ್ಟ್ ಡಿಸಿ ಬರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನ ಕಿಡಿ ಬೇಗ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. ಕಿಡಿ ಹತ್ತಿದರೆ ಉರಿಯುತ್ತಲೇ ಇರುತ್ತದೆ. ವರ್ಷಗಟ್ಟಲೆ ಎಸಿ ವೈರಿಂಗ್ ಮಾಡಿ ಪಳಗಿದವರು ಎಚ್ಚರದಿಂದ ಹೊಸದಾಗಿ ಕಲಿಯಬೇಕಾದದ್ದು ಇದನ್ನೇ. ಕನೆಕ್ಟರ್ ಜೋಡಣೆಯನ್ನೇ ನೋಡಿ: ತಂತಿಯ ಹೊದಿಕೆ ಸುಲಿಯಬೇಕು, ಒಂದು ಎಳೆಯೂ ಹೊರಗುಳಿಯದಂತೆ ಪಿನ್ನಿಗೆ ತೂರಿಸಬೇಕು, ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲಿನಿಂದ ಒತ್ತಬೇಕು, ಆಮೇಲೆ ಎಳೆದು ನೋಡಬೇಕು. ಸಡಿಲವಾದ ಜೋಡಣೆ ಬಿಸಿಯಾಗಿ ಕರಗುತ್ತದೆ. ಎಷ್ಟು ಬಿಗಿ ಸಾಕು ಎಂಬುದನ್ನು ಕೈಯೇ ಕಲಿಯಬೇಕು.

ಸ್ಥಳದ ಪಾಠವೂ ಹೀಗೆಯೇ. ಶಿಕಾರಿಪುರ–ಸೊರಬ ತಾಲ್ಲೂಕುಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಪ್ಯಾನೆಲ್ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ವಾಲಿರಬೇಕು. ಮನೆಯ ಮಗ್ಗುಲಿನ ಅಡಿಕೆ ಮರದ ನೆರಳು ಒಂದು ಪ್ಯಾನೆಲ್ಲಿನ ಅಂಚಿಗೆ ಬಿದ್ದರೂ ಇಡೀ ಸರಣಿಯ ಉತ್ಪಾದನೆ ಇಳಿಯಬಹುದು. ಹೆಂಚಿನ ಮನೆಯಲ್ಲಿ ಭಾರ ಹೆಂಚಿನ ಮೇಲೆ ಕೂರದೆ ಪಕಾಸಿ–ಜಂತಿಗಳಿಗೆ ಇಳಿಯಬೇಕು. ಚಾವಣಿ ಹತ್ತದೆ ಇವು ತಿಳಿಯುವುದಿಲ್ಲ.

4. ಶಿರಸಿಯ ಸಾಕ್ಷ್ಯ

ಸೊರಬದ ಗಡಿಗೆ ತಾಗಿದ ಶಿರಸಿಯ ಗೋಬರ್ ಗ್ಯಾಸ್ ಅನುಭವ, ಕೂರಿಸಿದ್ದನ್ನು ನೋಡಿಕೊಳ್ಳುವ ಹೊಣೆಯ ಮಟ್ಟಿಗೆ ಮುಖ್ಯ. ದೇಶದ ಹಲವೆಡೆ ಸಹಾಯಧನದಲ್ಲಿ ಕಟ್ಟಿದ ಸ್ಥಾವರಗಳು ಹಾಳುಬಿದ್ದಾಗ ಶಿರಸಿಯಲ್ಲಿ ಅವು ಉಳಿದವು. ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ ಮತ್ತು ಎನ್.ಎಚ್. ರವೀಂದ್ರನಾಥ್ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಮೀಕ್ಷೆಗೆ ಒಳಪಟ್ಟ ಸ್ಥಾವರಗಳೆಲ್ಲ ಚಾಲ್ತಿಯಲ್ಲಿದ್ದವು. ಕಟ್ಟಿಕೊಟ್ಟವರು ಖಾತರಿ ಕೊಟ್ಟದ್ದು, ಉಚಿತವಾಗಿ ಬಂದು ಸರಿಪಡಿಸಿದ್ದು, ಸಂಸ್ಥೆಗಳ ನಡುವೆ ಪೈಪೋಟಿ ಇದ್ದದ್ದು ಇದಕ್ಕೆ ಕಾರಣಗಳಲ್ಲಿ ಸೇರಿವೆ. ಮತ್ತೆ ಅದೇ ಮನೆಗೆ ಹೋಗಬೇಕೆಂದು ಗೊತ್ತಿರುವವನು ಗಾರೆ ಕೆಲಸವನ್ನೂ ನಿಗಾ ಇಟ್ಟು ಮಾಡುತ್ತಾನೆ. ಕೆಟ್ಟದ್ದನ್ನು ಬಿಚ್ಚಿ ನೋಡಿದಾಗ, ಕಟ್ಟುವಾಗ ತಿಳಿಯದೇ ಹೋದದ್ದು ತಿಳಿಯುತ್ತದೆ. ಹೀಗೆ ಸೇವೆಯೇ ತರಬೇತಿಯಾಗುತ್ತದೆ.

5. ಪ್ರಸ್ತಾವ

ಅಭ್ಯಾಸದ ದಿನಗಳನ್ನು ಮಳೆಗೆ ಮುಂಚೆ, ವಾರಾಂತ್ಯಗಳಲ್ಲಿ, ಹತ್ತಿರದ ಐಟಿಐ ಆವರಣದಲ್ಲಿ ನಡೆಸಬಹುದು. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೊಬ್ಬರ ಕೈಕೆಳಗೆ ಪ್ರತಿ ಅಭ್ಯರ್ಥಿಯೂ ಒಂದು ನೈಜ ಘಟಕ ಕೂರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಘಟಕದ ಅರ್ಥಿಂಗ್, ಕನೆಕ್ಟರ್, ನೀರು ಇಳಿದ ಜಂಕ್ಷನ್ ಬಾಕ್ಸ್, ದಿನದ ಉತ್ಪಾದನೆ ಎಲ್ಲವನ್ನೂ ಬರೆದಿಡಬೇಕು. ತೊಡಕಿನ ಚಿತ್ರಗಳನ್ನು ಮೊಬೈಲಿನಲ್ಲಿ ಬೋಧಕರಿಗೂ ಸಹಪಾಠಿಗಳಿಗೂ ತೋರಿಸಬೇಕು. ಮನೆಯವರ ಪ್ರಶ್ನೆಗೆ ಉತ್ತರಿಸುವುದೂ ಪರೀಕ್ಷೆಯ ಭಾಗವಾಗಲಿ. ಬ್ಯಾಟರಿಯಿಲ್ಲದ ಗ್ರಿಡ್ ಘಟಕ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ, ಲೈನಿನ ಮೇಲೆ ಕೆಲಸ ಮಾಡುವವರ ಜೀವ ಉಳಿಸಲೆಂದೇ ಹಾಗೆ ಮಾಡಿದ್ದಾರೆ ಎಂದು ಗಿರಾಕಿಗೆ ಮೊದಲೇ ಹೇಳಬಲ್ಲವನು ಅರ್ಧ ಜಗಳ ತಪ್ಪಿಸುತ್ತಾನೆ.

ಘಟಕ ನೋಡಿಕೊಳ್ಳಲು ಹೋಗುವ ಮಳೆಗಾಲದ ಭೇಟಿಗಳಿಗೆ ಗೌರವಧನ ಇರಲೇಬೇಕು. ಕೂಲಿ ಬಿಟ್ಟು ಕಲಿಯುವ ಶಕ್ತಿ ಎಲ್ಲರಿಗೂ ಇಲ್ಲ. ಅಭ್ಯಾಸ ಮುಗಿದಾಗ ತಾತ್ಕಾಲಿಕ ಪತ್ರ, ಅಕ್ಟೋಬರಿನ ತಪಾಸಣೆಯ ನಂತರ ಪೂರ್ಣ ಪ್ರಮಾಣಪತ್ರ ಎಂಬ ಕ್ರಮ ಬಂದರೆ ಯೋಜನೆಯ ಯಶಸ್ಸನ್ನು ಕೂರಿಸಿದ ಘಟಕಗಳ ಬದಲು ನಡೆಯುತ್ತಿರುವ ಘಟಕಗಳಿಂದ ಅಳೆಯಲು ಸಾಧ್ಯವಾಗುತ್ತದೆ.