ರೆವಿಟ್ ತಂತ್ರಾಂಶದಲ್ಲಿ ಸಾಮಗ್ರಿಗಳ ಬಣ್ಣ ಬದಲಾವಣೆ

ರೆವಿಟ್ ತಂತ್ರಾಂಶದಲ್ಲಿ ಸಾಮಗ್ರಿಗಳ ಬಣ್ಣ ಬದಲಾವಣೆ ಎಂದರೆ ಕಟ್ಟಡದ ಮೂರು ಆಯಾಮದ ಮಾದರಿಯಲ್ಲಿ ಗೋಡೆ, ನೆಲ, ಚಾವಣಿ ಮುಂತಾದ ಭಾಗಗಳಿಗೆ ನಿಗದಿಪಡಿಸಿದ ಸಾಮಗ್ರಿಯ ವರ್ಣವನ್ನು ಮಾರ್ಪಡಿಸಿ, ಅದು ನೈಜ ಚಿತ್ರಣದಲ್ಲಿ ಸರಿಯಾಗಿ ಕಾಣುವಂತೆ ಮಾಡುವ ಕಾರ್ಯ. ಈ ತಂತ್ರಾಂಶದಲ್ಲಿ ಒಂದೇ ಸಾಮಗ್ರಿಯ ಬಣ್ಣ ಎರಡು ಬೇರೆ ಬೇರೆ ಸ್ಥಳಗಳಲ್ಲಿ ದಾಖಲಾಗಿರುತ್ತದೆ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗಬೇಕೆಂದಿಲ್ಲ. ಕಲಿಯುವವರು ಎದುರಿಸುವ ಗೊಂದಲಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಹಿನ್ನೆಲೆ

ರೆವಿಟ್‌ನ ಮೊದಲ ಆವೃತ್ತಿ 2000ರಲ್ಲಿ ಬಿಡುಗಡೆಯಾಯಿತು. ಅದನ್ನು ರೂಪಿಸಿದ ಕಂಪನಿಯನ್ನು ಅಮೆರಿಕದ ಆಟೋಡೆಸ್ಕ್ ಸಂಸ್ಥೆ 2002ರಲ್ಲಿ ಖರೀದಿಸಿತು. ನೈಜ ಚಿತ್ರಣದ ಗಣಿತ ಅದಕ್ಕಿಂತ ಹಳೆಯದು. ಕೆಂಪು ಗೋಡೆಗೆ ತಾಗಿದ ಬೆಳಕು ಪಕ್ಕದ ಬಿಳಿ ಗೋಡೆಗೂ ಕೆಂಪು ಛಾಯೆ ನೀಡುವುದನ್ನು ಗಣಕದಲ್ಲಿ ತೋರಿಸಿದ 'ಕಾರ್ನೆಲ್ ಬಾಕ್ಸ್' ಪ್ರಯೋಗ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ನಡೆಯಿತು. ಬೆಳಕಿನ ಈ ಹಂಚಿಕೆಯನ್ನು ಒಂದೇ ಸಮೀಕರಣದಲ್ಲಿ ಹಿಡಿದಿಟ್ಟ ಜೇಮ್ಸ್ ಕಾಜಿಯಾ ಅವರ ಪ್ರಬಂಧ 1986ರದು.

ಎರಡು ಬಣ್ಣಗಳು

'ಮೆಟೀರಿಯಲ್ ಬ್ರೌಸರ್' ಕಿಟಕಿಯಲ್ಲಿ ಪ್ರತಿಯೊಂದು ಸಾಮಗ್ರಿಗೂ ಹಲವು ಪುಟಗಳಿರುತ್ತವೆ. ಬಣ್ಣಕ್ಕೆ ಸಂಬಂಧಿಸಿದವು 'ಗ್ರಾಫಿಕ್ಸ್' ಮತ್ತು 'ಅಪಿಯರೆನ್ಸ್' ಎಂಬ ಎರಡು ಪುಟಗಳು. ಗ್ರಾಫಿಕ್ಸ್ ಪುಟದ ಬಣ್ಣ ನಕ್ಷೆಗಳಿಗೂ 'ಶೇಡೆಡ್', 'ಕನ್ಸಿಸ್ಟೆಂಟ್ ಕಲರ್ಸ್' ಎಂಬ ಸರಳ ನೋಟಗಳಿಗೂ ಅನ್ವಯಿಸುತ್ತದೆ. ಅಪಿಯರೆನ್ಸ್ ಪುಟದ ಬಣ್ಣ, ವಿನ್ಯಾಸದ ಚಿತ್ರ, ಹೊಳಪು, ಪಾರದರ್ಶಕತೆ ಇವು 'ರಿಯಲಿಸ್ಟಿಕ್' ನೋಟಕ್ಕೂ ರೆಂಡರಿಂಗ್‌ಗೂ ಬಳಕೆಯಾಗುತ್ತವೆ. ಹೀಗಾಗಿ ಪರದೆಯ ಮೇಲೆ ಹಳದಿಯಾಗಿ ಕಂಡ ಗೋಡೆ ಅಂತಿಮ ಚಿತ್ರದಲ್ಲಿ ಬೂದು ಬಣ್ಣದ್ದಾಗಿಯೇ ಉಳಿದರೆ ಅದು ತಂತ್ರಾಂಶದ ದೋಷವಲ್ಲ. ಬಣ್ಣ ಬದಲಾದದ್ದು ಗ್ರಾಫಿಕ್ಸ್ ಪುಟದಲ್ಲಿ ಮಾತ್ರ.

ಗ್ರಾಫಿಕ್ಸ್ ಪುಟದಲ್ಲಿರುವ 'ಯೂಸ್ ರೆಂಡರ್ ಅಪಿಯರೆನ್ಸ್' ಎಂಬ ಆಯ್ಕೆಯನ್ನು ಗುರುತು ಹಾಕಿದರೆ ಸರಳ ನೋಟದ ಬಣ್ಣ ಅಪಿಯರೆನ್ಸ್ ಪುಟದಿಂದ ಬರುತ್ತದೆ. ಈ ಸಂಬಂಧ ಒಂದೇ ದಿಕ್ಕಿನದು. ಗ್ರಾಫಿಕ್ಸ್ ಬಣ್ಣವನ್ನು ರೆಂಡರಿಂಗ್‌ಗೆ ಒಯ್ಯುವ ಇಂಥ ಆಯ್ಕೆ ಅಲ್ಲಿಲ್ಲ. ಆದುದರಿಂದ ನೈಜ ಚಿತ್ರವೇ ಗುರಿಯಾಗಿದ್ದರೆ ಅಪಿಯರೆನ್ಸ್ ಪುಟದಿಂದಲೇ ಕೆಲಸ ಆರಂಭಿಸುವುದು ಸೂಕ್ತ.

ಈ ವಿಭಜನೆ ರೆವಿಟ್‌ಗೆ ಮಾತ್ರ ಸೀಮಿತವಲ್ಲ. ಮುಕ್ತ ತಂತ್ರಾಂಶವಾದ ಬ್ಲೆಂಡರ್‌ನಲ್ಲಿಯೂ ಕೆಲಸದ ಪರದೆಯ ಬಣ್ಣ ಮತ್ತು ಅಂತಿಮ ಚಿತ್ರದ ಬಣ್ಣ ಬೇರೆ ಬೇರೆಯಾಗಿ ದಾಖಲಾಗುತ್ತವೆ.

ಹಂಚಿಕೊಂಡ ಗುಣಸಂಪುಟ

ಅಪಿಯರೆನ್ಸ್ ಪುಟದ ವಿವರಗಳು 'ಅಸೆಟ್' ಎಂಬ ಗುಣಸಂಪುಟದಲ್ಲಿರುತ್ತವೆ. ಒಂದು ಅಸೆಟ್ ಅನ್ನು ಅನೇಕ ಸಾಮಗ್ರಿಗಳು ಹಂಚಿಕೊಳ್ಳಬಹುದು. ಬಿಳಿ ಬಣ್ಣದ ಸಾಮಗ್ರಿಯೊಂದರ ಪ್ರತಿ ತೆಗೆದು, ಹೆಸರು ಬದಲಿಸಿ, ಅದಕ್ಕೆ ನೀಲಿ ಬಣ್ಣ ಕೊಟ್ಟಾಗ ಮೂಲದ ಬಿಳಿ ಗೋಡೆಗಳೂ ನೀಲಿಯಾಗುವುದು ಈ ಕಾರಣದಿಂದ: ಹೆಸರು ಎರಡಾದರೂ ಅಸೆಟ್ ಒಂದೇ ಆಗಿರುತ್ತದೆ. ನೂರಾರು ಕೋಣೆಗಳಿರುವ ಯೋಜನೆಯಲ್ಲಿ ಇದು ತಕ್ಷಣ ಗಮನಕ್ಕೆ ಬರುವುದಿಲ್ಲ. ಅಸೆಟ್ ಹೆಸರಿನ ಬಳಿ ಕಾಣುವ ಕೈಯ ಚಿಹ್ನೆ ಮತ್ತು ಅದರ ಜೊತೆಗಿನ ಸಂಖ್ಯೆ ಹಂಚಿಕೆಯನ್ನು ಸೂಚಿಸುತ್ತವೆ. ಬಣ್ಣ ಬದಲಿಸುವ ಮೊದಲು ಅಸೆಟ್‌ನ ಪ್ರತಿಯನ್ನೂ ಪ್ರತ್ಯೇಕವಾಗಿ ತೆಗೆಯುವುದು ಇದಕ್ಕೆ ಪರಿಹಾರ. ಇತ್ತೀಚಿನ ಆವೃತ್ತಿಗಳಲ್ಲಿ ಸಾಮಗ್ರಿ ಮತ್ತು ಅಸೆಟ್ ಎರಡರ ಪ್ರತಿಯನ್ನೂ ಒಟ್ಟಿಗೆ ತೆಗೆಯುವ ಆದೇಶವಿದೆ.

ಚಿತ್ರವಿರುವ ಸಾಮಗ್ರಿಗಳು

ಇಟ್ಟಿಗೆ, ಮರ, ಗ್ರಾನೈಟ್ ಮುಂತಾದವುಗಳಿಗೆ ಬಣ್ಣದ ಬದಲು ಛಾಯಾಚಿತ್ರವನ್ನು ಜೋಡಿಸಲಾಗಿರುತ್ತದೆ. ಅಲ್ಲಿ ಕೇವಲ ಬಣ್ಣದ ಸಂಖ್ಯೆ ಬದಲಿಸಿದರೆ ಪರಿಣಾಮ ಕಾಣುವುದಿಲ್ಲ. 'ಟಿಂಟ್' ಎಂಬ ಆಯ್ಕೆಯ ಮೂಲಕ ಚಿತ್ರದ ಮೇಲೆ ಛಾಯೆಯನ್ನು ಲೇಪಿಸಬೇಕು, ಇಲ್ಲವೇ ಚಿತ್ರವನ್ನೇ ಬದಲಿಸಬೇಕು. ಸಿದ್ಧ ಸಂಗ್ರಹದಲ್ಲಿ ದೊರೆಯದ ಸ್ಥಳೀಯ ಸಾಮಗ್ರಿಗಳಿಗೆ, ಉದಾಹರಣೆಗೆ ಮಂಗಳೂರು ಹೆಂಚು ಅಥವಾ ರೆಡ್ ಆಕ್ಸೈಡ್ ನೆಲಕ್ಕೆ, ಬಳಕೆದಾರರು ತಾವೇ ತೆಗೆದ ಛಾಯಾಚಿತ್ರವನ್ನು ಜೋಡಿಸಬಹುದು. ಮೋಡ ಕವಿದ ಹೊತ್ತಿನಲ್ಲಿ ನೆರಳಿಲ್ಲದೆ ತೆಗೆದ ಚಿತ್ರ ಇದಕ್ಕೆ ಒಳ್ಳೆಯದು, ಏಕೆಂದರೆ ಚಿತ್ರದಲ್ಲಿ ಅಚ್ಚಾಗಿರುವ ಬಿಸಿಲು ಮಾದರಿಯ ಸೂರ್ಯನೊಂದಿಗೆ ಹೊಂದುವುದಿಲ್ಲ. ಕಡತವನ್ನು ಬೇರೆ ಗಣಕಕ್ಕೆ ಒಯ್ದಾಗ ಈ ಚಿತ್ರಗಳೂ ಜೊತೆಗಿರಬೇಕು. ಅವು ದೊರೆಯದಿದ್ದರೆ ಮೇಲ್ಮೈ ತನ್ನ ವಿನ್ಯಾಸವನ್ನು ಕಳೆದುಕೊಳ್ಳುತ್ತದೆ.

ಬಣ್ಣದ ಸಂಖ್ಯೆ ಮತ್ತು ಬೆಳಕು

ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಶಗಳಲ್ಲಿ 0ರಿಂದ 255ರವರೆಗಿನ ಸಂಖ್ಯೆಗಳಾಗಿ ನೀಡಲಾಗುತ್ತದೆ. ಈ ಸಂಖ್ಯೆ ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿಲ್ಲ. ಗಣಕಗಳಲ್ಲಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿ ಪದ್ಧತಿಯಲ್ಲಿ ಮೂರೂ ಅಂಶಗಳು 128 ಇರುವ ಬೂದು ಬಣ್ಣ ಪ್ರತಿಫಲಿಸುವುದು ಸುಮಾರು ಶೇ. 22ರಷ್ಟು ಬೆಳಕನ್ನು ಮಾತ್ರ. ಅರ್ಧದಷ್ಟು ಬೆಳಕಿಗೆ 188 ಬೇಕು. ಬಣ್ಣದ ತಯಾರಕರು ಕೊಡುವ ಬೆಳಕು ಪ್ರತಿಫಲನ ಮೌಲ್ಯ 80 ಇದ್ದರೆ, ತಟಸ್ಥ ಬಣ್ಣಕ್ಕೆ ಸರಿಹೊಂದುವ ಸಂಖ್ಯೆ ಸುಮಾರು 231. ಬಿಳಿ ಗೋಡೆಗೆ 255 ಕೊಡುವ ವಾಡಿಕೆ ಸಾಮಾನ್ಯ. ಆದರೆ ಬಿದ್ದ ಬೆಳಕೆಲ್ಲವನ್ನೂ ಹಿಂತಿರುಗಿಸುವ ಬಣ್ಣ ನಿಜ ಜಗತ್ತಿನಲ್ಲಿಲ್ಲ. ಅಂಥ ಕೋಣೆ ಚಿತ್ರದಲ್ಲಿ ಸುಣ್ಣದ ಮಂಜಿನಂತೆ ಆಕಾರವಿಲ್ಲದೆ ಕಾಣುತ್ತದೆ.

ಬಣ್ಣ ಸರಿಯಿದ್ದೂ ಚಿತ್ರ ಹಳದಿಗೆ ಅಥವಾ ನೀಲಿಗೆ ತಿರುಗಿದರೆ ಸಾಮಗ್ರಿಯನ್ನು ತಿದ್ದಬಾರದು. ರೆಂಡರಿಂಗ್ ಕಿಟಕಿಯಲ್ಲಿ ಬೆಳಕಿನ ಒಡ್ಡಿಕೆ ಮತ್ತು ಬಿಳಿಯ ಬಿಂದುವನ್ನು ಹೊಂದಿಸಲು ಪ್ರತ್ಯೇಕ ನಿಯಂತ್ರಣಗಳಿವೆ. ಸಂಜೆಯ ದೃಶ್ಯಕ್ಕಾಗಿ ತಿದ್ದಿದ ಗೋಡೆ ಮಧ್ಯಾಹ್ನದ ದೃಶ್ಯದಲ್ಲಿ ಕೆಡುತ್ತದೆ.

ಸಾಮಗ್ರಿ ಬದಲಾವಣೆ ಮತ್ತು ಅಳತೆಪಟ್ಟಿ

ಗೋಡೆಯ ಸಾಮಗ್ರಿ ಸಾಮಾನ್ಯವಾಗಿ ಆ ಗೋಡೆಯ ಪ್ರಕಾರದ ಪದರಗಳಲ್ಲಿ ನಿಗದಿಯಾಗಿರುತ್ತದೆ. ಅಲ್ಲಿ ಮಾಡಿದ ಬದಲಾವಣೆ ಅದೇ ಪ್ರಕಾರದ ಎಲ್ಲ ಗೋಡೆಗಳಿಗೂ ತಗಲುತ್ತದೆ. ಒಂದೇ ಮುಖಕ್ಕೆ ಬಣ್ಣ ಬೇಕಾದರೆ 'ಪೇಂಟ್' ಉಪಕರಣವಿದೆ. ಇದು ಗೋಡೆಯ ರಚನೆಯನ್ನು ಬದಲಿಸುವುದಿಲ್ಲ. ಸಾಮಗ್ರಿಗಳ ಅಳತೆಪಟ್ಟಿಯಲ್ಲಿ ಅದನ್ನು ಲೇಪನವೆಂದು ಬೇರೆಯಾಗಿಯೇ ಗುರುತಿಸಬಹುದು.

ಚಿತ್ರ ಚೆನ್ನಾಗಿ ಕಾಣಲೆಂದು ಇಟ್ಟಿಗೆ ಎಂಬ ಸಾಮಗ್ರಿಗೇ ಗಾರೆಯ ಬಣ್ಣ ಕೊಟ್ಟರೆ ಗ್ರಾಹಕರು ಒಪ್ಪುವ ಚಿತ್ರದಲ್ಲಿ ಗಾರೆಯ ಗೋಡೆ ಇರುತ್ತದೆ, ಗುತ್ತಿಗೆದಾರರ ಕೈಗೆ ಹೋಗುವ ಪಟ್ಟಿಯಲ್ಲಿ ಬರಿಯ ಇಟ್ಟಿಗೆ ಇರುತ್ತದೆ. ಗಾರೆಯ ಖರ್ಚು ಎಲ್ಲಿಯೂ ಲೆಕ್ಕಕ್ಕೆ ಬಂದಿರುವುದಿಲ್ಲ.

ಹಳೆಯ ಕಟ್ಟಡದ ನವೀಕರಣ ಯೋಜನೆಗಳಲ್ಲಿ ಇನ್ನೊಂದು ತೊಡಕಿದೆ. ಹಂತಗಳ ಶೋಧಕವು ಅಸ್ತಿತ್ವದಲ್ಲಿರುವ ಭಾಗಗಳಿಗೆ ತನ್ನದೇ ಸಾಮಗ್ರಿಯನ್ನು ಹೊದಿಸುವುದರಿಂದ ಎಷ್ಟು ತಿದ್ದಿದರೂ ಅವು ಏಕರೂಪದ ಬಣ್ಣದಲ್ಲಿಯೇ ಬರಬಹುದು. ಆ ನೋಟದ ಶೋಧಕವನ್ನು 'ಶೋ ಕಂಪ್ಲೀಟ್' ಎಂದು ಬದಲಿಸಿದಾಗ ಮೂಲ ಸಾಮಗ್ರಿಗಳು ಗೋಚರಿಸುತ್ತವೆ.